ರಾಡಿ ಗಟ್ಟಿಯಾಗಲು ಹಿಡಿದ ಒಂದು ಮಳೆಗಾಲ

ನಲ್ಲಿ ತಿರುವಿದರೆ ನೀರು ಬರುತ್ತದೆ, ಅದು ಎಲ್ಲರಿಗೂ ಗೊತ್ತು. ಆ ನೀರಿನಿಂದ ತೆಗೆದ ರಾಡಿ ಎಲ್ಲಿ ಹೋಗುತ್ತದೆ ಅಂತ ಕೇಳಿದ ಒಬ್ಬರನ್ನೂ ನಾನು ಇನ್ನೂ ನೋಡಿಲ್ಲ. ಹಾವೇರಿ ಜಿಲ್ಲೆಯ ಒಂದು ನೀರು ಶುದ್ಧೀಕರಣ ಘಟಕದಲ್ಲಿ ನಾನು ಕೆಮಿಸ್ಟ್. ಊರಿನ ಹೆಸರು ಬೇಡ, ಗುತ್ತಿಗೆ ಕೆಲಸ, ನಾಳೆ ಮತ್ತೆ ಅದೇ ಗೇಟಿನೊಳಗೆ ಹೋಗಬೇಕು. ತುಂಗಭದ್ರೆಯಿಂದ ನೀರು ಎತ್ತುತ್ತೇವೆ. 10 ಎಂಎಲ್‌ಡಿ ಘಟಕ, ಅಂದರೆ ದಿನಕ್ಕೆ ಒಂದು ಕೋಟಿ ಲೀಟರ್. ಆಲಂ, ಅಂದರೆ ಪಟಿಕ ಹಾಕುತ್ತೇವೆ, ಕ್ಲಾರಿಫೈಯರ್ ಅನ್ನೋ ತೊಟ್ಟಿಯಲ್ಲಿ ಮಣ್ಣು ಕೂರುತ್ತದೆ, ಮೇಲಿನ ನೀರು ಮರಳಿನ ಫಿಲ್ಟರ್‌ಗೆ ಹೋಗಿ ಕ್ಲೋರಿನ್ ಹಾಕಿಸಿಕೊಂಡು ಊರಿಗೆ ಹೊರಡುತ್ತದೆ. ಕೆಳಗೆ ಕೂತ ರಾಡಿ ಥಿಕನರ್ ಅನ್ನೋ ದುಂಡನೆಯ ತೊಟ್ಟಿಗೆ ಬರುತ್ತದೆ. ಅಲ್ಲಿ ಇನ್ನಷ್ಟು ಗಟ್ಟಿಯಾಗಿ, ತಳದಿಂದ ಪಂಪ್ ಆಗಿ, ಮರಳು ಹಾಸಿದ ಬೆಡ್‌ಗಳ ಮೇಲೆ ಒಣಗಬೇಕು. ಬೇಕು ಅಂತ ಹೇಳಿದೆ, ಒಣಗುತ್ತಿತ್ತು ಅಂತ ಹೇಳಲಿಲ್ಲ.

ಕಳೆದ ವರ್ಷ ಜುಲೈ ಎರಡನೇ ವಾರ. ಮಲೆನಾಡಿನಲ್ಲಿ ಮಳೆ ಹಿಡಿದರೆ ನಮ್ಮಲ್ಲಿ ಹೊಳೆ ಕೆಂಪಾಗುತ್ತದೆ. ತುಂಗಾ ಮತ್ತು ಭದ್ರಾ ಕೂಡ್ಲಿಯಲ್ಲಿ ಸೇರಿಕೊಂಡು ಬರುವಾಗ ಅಲ್ಲಿನ ಮಣ್ಣನ್ನೆಲ್ಲ ಹೊತ್ತು ತರುತ್ತವೆ. ನೀರು ಎಷ್ಟು ಕದಡಿದೆ ಅಂತ ಎನ್‌ಟಿಯುನಲ್ಲಿ ಅಳೆಯುತ್ತೇವೆ, ಬೇಸಿಗೆಯಲ್ಲಿ 8-10 ಎನ್‌ಟಿಯು ಇರುವ ನೀರು 150 ದಾಟಿತ್ತು. ಹತ್ತಕ್ಕೆ ಹತ್ತೂ ಬೆಡ್ ತುಂಬಿ ನಿಂತಿದ್ದವು. ಮೇಲೆ ಮಳೆ ನೀರು, ಕೆಳಗೆ ರಾಡಿ, ಯಾವುದು ಎಲ್ಲಿ ಮುಗಿಯುತ್ತದೆ ಅಂತ ಗೊತ್ತಾಗುತ್ತಿರಲಿಲ್ಲ. ಥಿಕನರ್ ಮೇಲಿನಿಂದ ತಿಳಿನೀರು ಹರಿಯಬೇಕು, ಅದನ್ನು ನಾವು ವಾಪಸ್ ಇನ್ಲೆಟ್‌ಗೆ, ಅಂದರೆ ಹೊಳೆ ನೀರು ಘಟಕದೊಳಗೆ ಬರುವ ಕಡೆಗೆ ತರುತ್ತೇವೆ. ಆದರೆ ದಿನಕ್ಕೆ ಎರಡು-ಮೂರು ಸಲ ಅಲ್ಲಿಂದ ಚಹಾದ ಬಣ್ಣದ ನೀರು ಬರುತ್ತಿತ್ತು. ಅಂದರೆ ಬೆಳಿಗ್ಗೆ ತೆಗೆದ ಮಣ್ಣನ್ನೇ ಸಂಜೆ ಮತ್ತೆ ಆಲಂ ಹಾಕಿ ತೆಗೆಯುತ್ತಿದ್ದೆವು.

ಸಾಹೇಬರು ಬಂದು ನೋಡಿ, 'ಪಾಲಿಮರ್ ಜಾಸ್ತಿ ಮಾಡ್ರಿ' ಅಂದರು. ನನಗೂ ಅದೇ ಅನಿಸಿತ್ತು. ಸುಳ್ಳು ಯಾಕೆ ಹೇಳಲಿ.

ಪಾಲಿಮರ್ ಅಂದರೆ ಬಿಳಿ ಸಕ್ಕರೆ ಪುಡಿಯಂಥ ಪಾಲಿಅಕ್ರಿಲಮೈಡ್. ನೀರಲ್ಲಿ ಕರಗಿಸಿದರೆ ಲೋಳೆ ಲೋಳೆ. ಅದರ ಉದ್ದುದ್ದ ಎಳೆಗಳು ರಾಡಿಯ ಸಣ್ಣ ಕಣಗಳನ್ನು ಹಿಡಿದು ಗೊಂಚಲು ಮಾಡುತ್ತವೆ, ಗೊಂಚಲು ಭಾರವಾಗಿ ಬೇಗ ಕೂರುತ್ತದೆ. ದಿನಕ್ಕೆ 3 ಕೆಜಿ ಹಾಕುತ್ತಿದ್ದೆವು, 9 ಕೆಜಿ ಮಾಡಿದೆವು. ಒಂದು ದಿನ ಮೇಲಿನ ನೀರು ಚೆಂದ ಕಂಡಿತು, ಎಲ್ಲರೂ ಖುಷಿ. ಮೂರನೇ ದಿನ ಫಿಲ್ಟರ್‌ಗಳು ಉಸಿರು ಕಟ್ಟಿದವು. 24 ತಾಸು ನಡೆಯಬೇಕಾದ ಫಿಲ್ಟರ್ 9 ತಾಸಿಗೆ ತೊಳೆಯಲು ಬಂತು. ಮರಳನ್ನು ಕೈಯಲ್ಲಿ ತೆಗೆದು ತಿಕ್ಕಿದರೆ ಬೆಂಡೆಕಾಯಿ ಕೊಯ್ದ ಕೈಯಂತೆ ಜಾರುತ್ತಿತ್ತು. ಹೆಚ್ಚಾದ ಪಾಲಿಮರ್ ರಾಡಿಗೆ ಅಂಟದೆ ಮೇಲಿನ ನೀರಿನ ಜೊತೆ ಇನ್ಲೆಟ್‌ಗೆ ಬಂದು ಫಿಲ್ಟರ್ ಮೇಲೆ ಕೂತಿತ್ತು.

ಇದು ಕುಡಿಯುವ ನೀರು, ಅದು ಬೇರೆ ತಲೆಬಿಸಿ. ಈ ಪುಡಿಯಲ್ಲಿ ಅದನ್ನು ಮಾಡಲು ಬಳಸಿದ ಅಕ್ರಿಲಮೈಡ್ ಅನ್ನೋ ಹಾನಿಕರ ವಸ್ತು ಚೂರು ಉಳಿದಿರುತ್ತದೆ. ವಿಶ್ವ ಆರೋಗ್ಯ ಸಂಸ್ಥೆ ಕುಡಿಯುವ ನೀರಲ್ಲಿ ಅದಕ್ಕೆ ಇಟ್ಟ ಮಿತಿ ಲೀಟರಿಗೆ 0.5 ಮೈಕ್ರೋಗ್ರಾಂ. ಅದಕ್ಕೇ ಕುಡಿಯುವ ನೀರಿಗೆ ಅಂತಲೇ ಬರುವ ದರ್ಜೆಯ ಪುಡಿ ತೆಗೆದುಕೊಳ್ಳಬೇಕು, ಅದನ್ನೂ ಅಳತೆ ಮೀರಿ ಹಾಕಬಾರದು. ಅವತ್ತೇ ಮತ್ತೆ 3 ಕೆಜಿಗೆ ಇಳಿಸಿದೆ. ಸಾಹೇಬರಿಗೆ ಸಂಜೆ ಹೇಳಿದೆ. ಮೊದಲೇ ಹೇಳಿದ್ದರೆ ಬೇಡ ಅನ್ನುತ್ತಿದ್ದರು.

ನಮ್ಮಲ್ಲಿ ಒಬ್ಬರು ಹಿರಿಯ ಆಪರೇಟರ್ ಇದ್ದಾರೆ, ಎಲ್ಲರೂ ಕಾಕಾ ಅನ್ನುತ್ತೇವೆ. ಓದಿದ್ದು ಏಳನೇ ಕ್ಲಾಸ್. ಅವತ್ತು ರಾತ್ರಿ ಪಾಳಿಯಲ್ಲಿ ಬೆಡ್ ಹತ್ತಿರ ಕೊಡೆ ಹಿಡಿದು ನಿಂತಿದ್ದರು. ಪಂಪ್ ಓಡುತ್ತಿತ್ತು. ಬೆಡ್‌ಗೆ ಬೀಳುವ ಪೈಪಿನ ಬಾಯಿಗೆ ಟಾರ್ಚ್ ಬಿಟ್ಟು ನನ್ನನ್ನು ಕರೆದರು.

'ತಮ್ಮಾ, ಇಲ್ಲಿ ನೋಡು. ಇದು ರಾಡಿ ಏನು? ನೀರ ಹೊಂಟೈತಿ. ರಾಡಿ ಅಲ್ಲೇ ಕುಂತೈತಿ.'

ನಿಜ. ಪೈಪಿನಿಂದ ಬೀಳುತ್ತಿದ್ದುದು ಮಜ್ಜಿಗೆಗಿಂತ ತೆಳು. 'ಚಾಲೂ ಮಾಡಿದಾಗ ಗಟ್ಟಿ ಬಂತು, ಐದ ನಿಮಿಷಕ್ಕ ಹಿಂಗಾತು. ದಿನಾ ಹಿಂಗ.' ಹೀಗಿದ್ದರೆ ಇಷ್ಟು ದಿನ ಯಾಕೆ ಹೇಳಲಿಲ್ಲ ಅಂತ ಕೇಳಿದೆ. 'ಯಾರ ಕೇಳಿದ್ರಿ?' ಅಂದರು. ಸಿಟ್ಟು ಬಂದಾಗ ಮಾತ್ರ ಕಾಕಾ ನನಗೆ ಬಹುವಚನ ಹಚ್ಚುತ್ತಾರೆ.

ಮರುದಿನ ಅದೇ ಕೆಲಸಕ್ಕೆ ಕೂತೆ. ಖಾಲಿ ನೀರಿನ ಬಾಟಲಿ ಐದು, ಮಾರ್ಕರ್ ಪೆನ್ನು ಒಂದು. ಪಂಪ್ ಚಾಲೂ ಆದ ಕೂಡಲೇ ಒಂದು ಬಾಟಲಿ, 5 ನಿಮಿಷಕ್ಕೆ ಒಂದು, 10ಕ್ಕೆ, 20ಕ್ಕೆ, ಒಂದು ತಾಸಿಗೆ. ಲ್ಯಾಬಿನಲ್ಲಿ ಪಿಂಗಾಣಿ ಬಟ್ಟಲು ತೂಗಿ, ರಾಡಿ ಹಾಕಿ ತೂಗಿ, 105 ಡಿಗ್ರಿ ಓವನ್‌ನಲ್ಲಿ ಒಣಗಿಸಿ ಮತ್ತೆ ತೂಗಿದೆ. ಮೊದಲ ಬಾಟಲಿಯಲ್ಲಿ ಒಣ ಮಣ್ಣು ಶೇಕಡಾ 4. ಐದನೇ ನಿಮಿಷಕ್ಕೆ 2.6. ಹತ್ತನೇ ನಿಮಿಷಕ್ಕೆ 1.1. ಇಪ್ಪತ್ತಕ್ಕೆ 0.5. ಒಂದು ತಾಸಿಗೆ 0.3. ನಾವು ಪಂಪ್ ಓಡಿಸುತ್ತಿದ್ದುದು ಒಂದೊಂದು ಪಾಳಿಗೆ ಒಂದೂವರೆ ತಾಸು. ಪೂರ್ತಿ ಲೆಕ್ಕ ಹಾಕಿದರೆ ಸರಾಸರಿ 0.65. ಕ್ಲಾರಿಫೈಯರ್‌ನಿಂದ ಥಿಕನರ್ ಒಳಗೆ ಬರುತ್ತಿದ್ದ ರಾಡಿ 0.5.

ಅಂದರೆ ಅಷ್ಟು ದೊಡ್ಡ ತೊಟ್ಟಿ ಕಟ್ಟಿ, ಮೋಟರ್ ತಿರುಗಿಸಿ, ಪಾಲಿಮರ್ ಹಾಕಿ ನಾವು ಗಳಿಸಿದ್ದು 0.15. ಆ ಕಾಗದವನ್ನು ಸ್ವಲ್ಪ ಹೊತ್ತು ಮಡಚಿ ಜೇಬಿನಲ್ಲಿ ಇಟ್ಟುಕೊಂಡೆ.

ಈ ಶೇಕಡಾ ಯಾಕೆ ಅಷ್ಟು ಮುಖ್ಯ ಅಂತ ಹೇಳಿಬಿಡುತ್ತೇನೆ, ನನಗೂ ಅವತ್ತೇ ಸರಿಯಾಗಿ ತಲೆಗೆ ಹೋಗಿದ್ದು. 1 ಪರ್ಸೆಂಟ್ ರಾಡಿ ಅಂದರೆ 100 ಲೀಟರಿನಲ್ಲಿ 1 ಕೆಜಿ ಮಣ್ಣು. ಅದನ್ನು 2 ಪರ್ಸೆಂಟ್ ಮಾಡಿದರೆ ಅದೇ 1 ಕೆಜಿ ಮಣ್ಣು 50 ಲೀಟರಿನಲ್ಲಿ ಬರುತ್ತದೆ. ಕೇಳೋಕೆ 1 ಹೋಗಿ 2 ಆಯ್ತು ಅಷ್ಟೇ, ಆದರೆ ಅರ್ಧ ನೀರು ಬೆಡ್‌ಗೆ ಹೋಗೋದು ತಪ್ಪಿತು. ನಮ್ಮಲ್ಲಿ ಎಷ್ಟು ಮಣ್ಣು ಅಂತ ಅಂದಾಜು ಮಾಡುವುದೂ ಕಷ್ಟವಲ್ಲ. ಲೀಟರಿಗೆ ಎಷ್ಟು ಮಿಲಿಗ್ರಾಂ ಆಲಂ ಹಾಕುತ್ತೇವೋ ಅದನ್ನು 0.44ರಿಂದ ಗುಣಿಸಿ, ಎನ್‌ಟಿಯುವನ್ನು ಸುಮಾರು ಒಂದೂವರೆಯಿಂದ ಗುಣಿಸಿ, ಎರಡನ್ನೂ ಕೂಡಿ, ಎಂಎಲ್‌ಡಿಯಿಂದ ಗುಣಿಸಿದರೆ ದಿನದ ಒಣ ರಾಡಿ ಕೆಜಿಯಲ್ಲಿ ಬರುತ್ತದೆ. ಆ ಒಂದೂವರೆ ಹೊಳೆಯಿಂದ ಹೊಳೆಗೆ ಬದಲಾಗುತ್ತದೆ, ಅಂದಾಜಿಗೆ ನಡೆಯುತ್ತದೆ. ಆಲಂ 40, ಎನ್‌ಟಿಯು 150 ಇದ್ದ ದಿನ ನಮಗೆ ಬಂದದ್ದು ಹತ್ತಿರಹತ್ತಿರ 2,400 ಕೆಜಿ. ಬೇಸಿಗೆಯಲ್ಲಿ ಆಲಂ 15, ಎನ್‌ಟಿಯು 8 ಇದ್ದರೆ 190 ಕೆಜಿಯೂ ಇಲ್ಲ. ಒಂದೇ ಘಟಕ, ಒಂದೇ ತೊಟ್ಟಿ, ಹನ್ನೆರಡು ಪಟ್ಟಿಗಿಂತ ಜಾಸ್ತಿ ವ್ಯತ್ಯಾಸ. ಆದರೆ ಪಂಪ್ ಓಡಿಸುವ ಚೀಟಿ ಮಾತ್ರ ವರ್ಷವಿಡೀ ಒಂದೇ, ಗೋಡೆಗೆ ಅಂಟಿಸಿದ್ದು: ಪಾಳಿಗೆ ಒಂದೂವರೆ ತಾಸು. ಯಾರು ಬರೆದದ್ದು ಅಂತ ಯಾರಿಗೂ ಗೊತ್ತಿಲ್ಲ.

ಪಂಪ್ ಯಾಕೆ ನೀರು ಎಳೆಯುತ್ತಿತ್ತು? ಹಿಟ್ಟಿನ ಡಬ್ಬಿಯ ತಳದಲ್ಲಿ ತೂತು ಮಾಡಿದಂತೆ ಯೋಚನೆ ಮಾಡಿ. ತೂತಿನ ಮೇಲಿನ ಹಿಟ್ಟು ಮಾತ್ರ ಸುರಿಯುತ್ತದೆ, ಸುತ್ತಲಿನದು ಗೋಡೆಯಂತೆ ನಿಲ್ಲುತ್ತದೆ. ಥಿಕನರ್ ತಳದಲ್ಲೂ ಅದೇ. ಪಂಪ್ ಜೋರಾಗಿ, ತುಂಬಾ ಹೊತ್ತು ಎಳೆದರೆ ನಡುವೆ ಒಂದು ಸುರಂಗ ಬೀಳುತ್ತದೆ. ಮೇಲಿನ ತಿಳಿನೀರು ಆ ಸುರಂಗದಿಂದ ನೆಟ್ಟಗೆ ಪಂಪಿಗೆ ಇಳಿಯುತ್ತದೆ, ಗಟ್ಟಿ ರಾಡಿ ಅಕ್ಕಪಕ್ಕ ಕೂತೇ ಇರುತ್ತದೆ. ಕಾಕಾ ಹೇಳಿದ್ದು ಇದನ್ನೇ.

ಚೀಟಿ ಕಿತ್ತು ಹಾಕಿದೆ. ಎರಡು ತಾಸಿಗೊಮ್ಮೆ 7 ನಿಮಿಷ ಅಂತ ಹೊಸದು ಬರೆದೆ. ಅದಕ್ಕೆ ಹುಡುಗರು ಮುಖ ಸಿಂಡರಿಸಿದರು, ರಾತ್ರಿ ಎರಡಕ್ಕೂ ನಾಲ್ಕಕ್ಕೂ ಎದ್ದು ಹೋಗಬೇಕಲ್ಲ. 'ಸರ, ಟೈಮರ್ ಹಾಕಿಸ್ರಿ' ಅಂದರು. ಟೈಮರ್‌ಗೆ ಬರೆದು ಕಳಿಸಿದೆ, ಅದು ಬಂದದ್ದು ನವೆಂಬರಿನಲ್ಲಿ. ಅಲ್ಲಿಯವರೆಗೆ ಮೊಬೈಲ್ ಅಲಾರಂ. ಕಾಕಾನ ಪಾಳಿಯಲ್ಲಿ ಅದೂ ಬೇಕಾಗಿರಲಿಲ್ಲ. ಪೈಪಿನ ಬಾಯಲ್ಲಿ ನಿಂತು, ರಾಡಿ ಬೀಳುವ ಸದ್ದು ಬದಲಾದ ಕೂಡಲೇ ಪಂಪ್ ಬಂದ್ ಮಾಡಿಸುತ್ತಿದ್ದರು. ಗಟ್ಟಿ ಇದ್ದಾಗ ಸೆಗಣಿ ಬಿದ್ದಂತೆ ತಪ್ ತಪ್ ಅನ್ನುತ್ತದೆ, ನೀರಾದರೆ ಸೊರ್ ಅನ್ನುತ್ತದೆ. ಅವರ ಪಾಳಿಯ ಬಾಟಲಿಗಳು ಯಾವಾಗಲೂ ನನ್ನ 7 ನಿಮಿಷಕ್ಕಿಂತ ಚೆನ್ನಾಗಿ ಬಂದವು.

ವಾರದಲ್ಲಿ ಸರಾಸರಿ 1.8ಕ್ಕೆ ಬಂತು. ಒಂದು ರೂಪಾಯಿ ಖರ್ಚಿಲ್ಲದೆ.

ಆದರೆ ಚಹಾ ಬಣ್ಣದ ನೀರು ನಿಂತಿರಲಿಲ್ಲ. ಅದು ದಿನಕ್ಕೆ ಎರಡು-ಮೂರು ಸಲ ಮಾತ್ರ ಯಾಕೆ ಬರುತ್ತದೆ ಅಂತ ಲಾಗ್‌ಬುಕ್ ಮುಂದಿಟ್ಟುಕೊಂಡು ನೋಡಿದರೆ, ಪ್ರತಿ ಸಲವೂ ಅದರ ಹಿಂದೆ ಫಿಲ್ಟರ್ ತೊಳೆದ ಹೊತ್ತು ಇದೆ. ಫಿಲ್ಟರ್ ತೊಳೆದ ನೀರನ್ನೂ ನಾವು ಥಿಕನರ್‌ಗೇ ಬಿಡುತ್ತಿದ್ದೆವು. ಒಂದು ಸಲ ತೊಳೆದರೆ 10 ನಿಮಿಷದಲ್ಲಿ 120 ಘನ ಮೀಟರ್ ನೀರು. ನಮ್ಮ ಥಿಕನರ್ 8 ಮೀಟರ್ ಅಗಲ, ಅಂದರೆ 50 ಚದರ ಮೀಟರ್. ಭಾಗಿಸಿ ನೋಡಿ: ಹತ್ತೇ ನಿಮಿಷದಲ್ಲಿ ನೀರು 2.4 ಮೀಟರ್ ಮೇಲೆ ನುಗ್ಗುತ್ತದೆ. ಬೇರೆ ಹೊತ್ತಲ್ಲಿ ತಾಸಿಗೆ ಅರ್ಧ ಮೀಟರ್ ಕೂಡ ಏರುವುದಿಲ್ಲ. ಮಲಗಿಸಿದ ಮಗುವನ್ನು ದಿನಕ್ಕೆ ಮೂರು ಸಲ ಕಾಲು ಹಿಡಿದು ಎಳೆದು ಎಬ್ಬಿಸಿ, ಯಾಕೆ ನಿದ್ದೆ ಮಾಡುತ್ತಿಲ್ಲ ಅಂತ ಕೇಳಿದಂತೆ. ಅದೂ ಆ ತೊಳೆದ ನೀರಿನಲ್ಲಿ ಮಣ್ಣು ಇರುವುದು ಶೇಕಡಾ 0.03ರಷ್ಟು, ಅದು ಥಿಕನರ್‌ಗೆ ಬರಬೇಕಾದ ಮಾಲೇ ಅಲ್ಲ.

ಪುಣ್ಯಕ್ಕೆ ಹಿಂದೆ ಒಂದು ಹಳೆಯ ತೊಟ್ಟಿ ಪಾಳು ಬಿದ್ದಿತ್ತು, ಒಳಗೆ ಮುರಿದ ಬ್ಲೀಚಿಂಗ್ ಪೌಡರ್ ಡ್ರಮ್ಮುಗಳು, ಒಂದು ನಾಯಿ ಸಂಸಾರ. ಡ್ರಮ್ ತೆಗೆಸಿ, ನಾಯಿಗಳನ್ನು ಒಪ್ಪಿಸಿ, ಒಂದು ಪೈಪ್ ಎಳೆಸಿದೆವು. ತೊಳೆದ ನೀರು ಈಗ ಅಲ್ಲಿ ಎರಡು ತಾಸು ನಿಂತು, ಮೇಲಿನದು ನಿಧಾನಕ್ಕೆ ಇನ್ಲೆಟ್‌ಗೆ, ತಳದ ಸ್ವಲ್ಪ ಮಾತ್ರ ಥಿಕನರ್‌ಗೆ. ಕ್ಲಾರಿಫೈಯರ್‌ನ ರಾಡಿಯನ್ನೂ ನಾಲ್ಕು ತಾಸಿಗೊಮ್ಮೆ ಧಡಕ್ಕನೆ ಬಿಡುವ ಬದಲು ತಾಸಿಗೊಮ್ಮೆ ಸ್ವಲ್ಪ ಸ್ವಲ್ಪ ಬಿಟ್ಟೆವು. ಈ ಒಂದು ಕೆಲಸಕ್ಕೇ ಅನುಮತಿ ಸಿಗಲು 12 ದಿನ ಹೋಯಿತು, ಪೈಪ್ ಕೂಡಿಸಲು ಅರ್ಧ ದಿನ. ಆ ಹನ್ನೆರಡು ದಿನದ ಕಥೆ ಇಲ್ಲಿ ಬೇಡ, ಎಲ್ಲರ ಆಫೀಸಿನಲ್ಲೂ ಅದೇ ಕಥೆ.

ಇನ್ನು ಪಾಲಿಮರ್. ಒಂದು ಲೀಟರಿನ ಅಳತೆ ಸಿಲಿಂಡರ್‌ಗಳಲ್ಲಿ ರಾಡಿ ತುಂಬಿ, ಒಂದಕ್ಕೆ ಏನೂ ಹಾಕದೆ, ಉಳಿದವಕ್ಕೆ ಬೇರೆ ಬೇರೆ ಅಳತೆ ಹಾಕಿ, ಮೆಲ್ಲಗೆ ಮೇಲೆ ಕೆಳಗೆ ಮಾಡಿ ಸಾಲಾಗಿ ಇಟ್ಟೆ. ರಾಡಿಗೂ ತಿಳಿನೀರಿಗೂ ನಡುವೆ ಗೆರೆ ಬೀಳುತ್ತದಲ್ಲ, ಅದು ಇಳಿಯುವುದನ್ನು 5 ನಿಮಿಷಕ್ಕೊಮ್ಮೆ ಬರೆದುಕೊಳ್ಳುವುದು. ಅರ್ಧ ತಾಸಿಗೆ ಏನೂ ಹಾಕದ್ದು 620 ಮಿಲಿಯಲ್ಲಿ ನಿಂತಿತು. ಒಂದು ಟನ್ ಒಣ ರಾಡಿಗೆ 1.2 ಕೆಜಿ ಲೆಕ್ಕದಲ್ಲಿ ಹಾಕಿದ್ದು 310. ಮೂರು ಪಟ್ಟು ಹಾಕಿದ್ದು 340, ಮೇಲಿನ ನೀರು ಲೋಳೆ. ಅಂದರೆ ನಾವು ಮೊದಲಿಂದ ಹಾಕುತ್ತಿದ್ದ 3 ಕೆಜಿ ಅಳತೆ ಸರಿಯೇ ಇತ್ತು! ಸಿಲಿಂಡರಿನಲ್ಲಿ ಕೆಲಸ ಮಾಡುವ ಪಾಲಿಮರ್ ತೊಟ್ಟಿಯಲ್ಲಿ ಯಾಕೆ ಮಾಡುವುದಿಲ್ಲ?

ಇದಕ್ಕೆ ಎರಡು ದಿನ ತಲೆ ಕೆರೆದುಕೊಂಡೆ. ಉತ್ತರ ಒಂದಲ್ಲ, ಎರಡು. ಮೊದಲನೆಯದು ಕರಗಿಸುವ ರೀತಿ. ಹುಡುಗ ಒಂದು ಮಗ್ಗಿನಲ್ಲಿ ಪುಡಿ ತುಂಬಿ ಒಂದೇ ಏಟಿಗೆ ಡ್ರಮ್ಮಿಗೆ ಸುರಿದು, ಹತ್ತು ನಿಮಿಷ ತಿರುಗಿಸಿ ಬಿಡುತ್ತಿದ್ದ. ಡ್ರಮ್ಮಿನ ತಳಕ್ಕೆ ಕೈ ಹಾಕಿದರೆ ನೆಲ್ಲಿಕಾಯಿ ಗಾತ್ರದ ಗಂಟುಗಳು. ಒಂದನ್ನು ಒಡೆದು ನೋಡಿದೆ, ಹೊರಗೆ ಲೋಳೆ, ಒಳಗೆ ಒಣ ಪುಡಿ ಹಾಗೇ ಇತ್ತು. ನಮ್ಮವ್ವ ಝುಣಕ ಮಾಡುವಾಗ ಕಡಲೆ ಹಿಟ್ಟನ್ನು ಒಂದು ಕೈಯಲ್ಲಿ ಉದುರಿಸುತ್ತಾ ಇನ್ನೊಂದು ಕೈಯಲ್ಲಿ ತಿರುವುತ್ತಾಳೆ, ನಾನು ಮಾಡಿದರೆ ಗಂಟು. ಆ ಹುಡುಗನಿಗೆ ಅಷ್ಟೇ ಹೇಳಿದೆ, 'ಝುಣಕದ ಹಿಟ್ಟು ಹಾಕಿದಂಗ ಹಾಕಪಾ.' ತಕ್ಷಣ ಅರ್ಥವಾಯಿತು. ಸಾವಿರ ಲೀಟರಿಗೆ 1 ಕೆಜಿ, ಜರಡಿಯಿಂದ ಉದುರಿಸಿ, ನಿಧಾನಕ್ಕೆ ತಿರುಗಿಸುತ್ತಾ ಒಂದು ತಾಸು ನೆನೆಯಲು ಬಿಡುವುದು. ಎಳೆಗಳು ಸುರುಳಿ ಬಿಚ್ಚಿಕೊಳ್ಳಲು ಅಷ್ಟು ಹೊತ್ತು ಬೇಕು.

ಎರಡನೆಯದು ಹಾಕುವ ಜಾಗ. ಪಾಲಿಮರ್ ನಳಿಕೆಯನ್ನು ಯಾರೋ ಥಿಕನರ್‌ಗೆ ರಾಡಿ ತರುವ ಪಂಪಿನ ಸಕ್ಷನ್ ಕಡೆ, ಅಂದರೆ ಪಂಪ್ ಎಳೆದುಕೊಳ್ಳುವ ಕಡೆ ಕೂಡಿಸಿದ್ದರು. ಪಂಪ್ ಒಳಗೆ ಚೆನ್ನಾಗಿ ಬೆರೆಯಲಿ ಅಂತ ಇರಬೇಕು. ಬೆರೆಯುತ್ತದೆ, ಜೊತೆಗೆ ಪಂಪಿನೊಳಗೆ ತಿರುಗುವ ಚಕ್ರ, ಇಂಪೆಲ್ಲರ್, ಆ ಉದ್ದನೆಯ ಎಳೆಗಳನ್ನೂ, ಆಗತಾನೇ ಕಟ್ಟಿದ ಗೊಂಚಲನ್ನೂ ಚಿಂದಿ ಮಾಡಿ ಕಳಿಸುತ್ತದೆ. ಒಡೆದ ಗೊಂಚಲು ಮೊದಲಿನಂತೆ ಮತ್ತೆ ಕೂಡುವುದಿಲ್ಲ. ನಳಿಕೆಯನ್ನು ಪಂಪ್ ದಾಟಿಸಿ, ರಾಡಿ ಥಿಕನರ್ ನಡುವಿನ ಬಾವಿಯಂಥ ಭಾಗಕ್ಕೆ ಬೀಳುವ ಮೂರು ಮೀಟರ್ ಮೊದಲು ಕೂಡಿಸಿದೆವು. ಅಲ್ಲೇ ಇನ್ನೊಂದು ನಳಿಕೆಯಿಂದ ನೀರು ಸೇರಿಸಿ ದ್ರಾವಣವನ್ನು ಅರ್ಧದಷ್ಟು ತೆಳುವಾಗಿಸಿದೆವು, ಲೋಳೆ ದಪ್ಪ ಇದ್ದರೆ ರಾಡಿಯಲ್ಲಿ ಹರಡುವುದಿಲ್ಲ, ಒಂದೇ ಕಡೆ ಅಂಟಿಕೊಳ್ಳುತ್ತದೆ. ಸಂಜೆ ಹೊತ್ತಿಗೆ ನಡುವಿನ ಬಾವಿಯಲ್ಲಿ ಒಡೆದ ಹಾಲಿನ ಗಿಣ್ಣದಂಥ ಗೊಂಚಲುಗಳು ಕಾಣಿಸಿದವು. ಎಂಟು ವರ್ಷದ ಸರ್ವಿಸಿನಲ್ಲಿ ಆ ತೊಟ್ಟಿಯಲ್ಲಿ ಹಾಗೆ ನೋಡಿರಲಿಲ್ಲ. ಮೊಬೈಲಿನಲ್ಲಿ ಫೋಟೋ ತೆಗೆದು ಮನೆಗೆ ಕಳಿಸಿದೆ. ಮನೆಯಿಂದ ಬಂದ ಉತ್ತರ: 'ಏನಿದು ಹೊಲಸು?'

ಇಷ್ಟಾದರೂ 2.2 ದಾಟಲಿಲ್ಲ. ಸಿಲಿಂಡರಿನ ಆಟದಲ್ಲಿ ಇನ್ನೊಂದು ಸಂಗತಿ ಕಂಡಿತ್ತು. ಒಂದು ಸಿಲಿಂಡರಿಗೆ ಸೈಕಲ್ ಕಡ್ಡಿ ಇಳಿಬಿಟ್ಟು ಬಹಳ ನಿಧಾನಕ್ಕೆ ತಿರುಗಿಸಿದರೆ ರಾಡಿ ಇನ್ನೂ ಕೆಳಗೆ ಇಳಿಯುತ್ತದೆ, ಕಡ್ಡಿ ಹೋದ ದಾರಿಯಲ್ಲಿ ಸಣ್ಣ ಸಣ್ಣ ನೀರಿನ ಗೆರೆ ಮೇಲೆ ಬರುತ್ತದೆ. ಆಲಂ ರಾಡಿ ಅಂದರೆ ಬರೀ ಮಣ್ಣಲ್ಲ, ಅಲ್ಯೂಮಿನಿಯಂ ಹೈಡ್ರಾಕ್ಸೈಡ್ ಅನ್ನೋ ಜೆಲ್ಲಿ. ನೀರನ್ನು ಹೊಟ್ಟೆಯಲ್ಲಿ ಹಿಡಿದುಕೊಂಡು ಕೂರುತ್ತದೆ, ದಾರಿ ಕೊಟ್ಟರೆ ಮಾತ್ರ ಬಿಡುತ್ತದೆ. ಚಳಿ ದೇಶಗಳಲ್ಲಿ ಈ ರಾಡಿಯನ್ನು ಹೊರಗೆ ಹೆಪ್ಪುಗಟ್ಟಲು ಬಿಟ್ಟು ಕರಗಿಸುತ್ತಾರೆ, ಆಗ ಕಾಫಿ ಪುಡಿಯ ಚರಟದಂತೆ ಕಾಳು ಕಾಳಾಗಿ ನೀರು ಬಿಟ್ಟುಕೊಡುತ್ತದೆ. ಹಾವೇರಿಯ ಜನವರಿ ಚಳಿಯಲ್ಲಿ ಐಸ್‌ಕ್ಯಾಂಡಿಯೂ ಗಟ್ಟಿ ನಿಲ್ಲುವುದಿಲ್ಲ, ನಮಗೆ ಅದು ಬೇಡ.

ಥಿಕನರ್ ಒಳಗೆ ತಿರುಗುವ ತೋಳಿನ ಮೇಲೆ ಇದಕ್ಕೇ ಅಂತ ನೆಟ್ಟಗೆ ನಿಂತ ಸರಳುಗಳು ಇರುತ್ತವೆ, ಬೇಲಿಯ ಗೂಟದ ಹಾಗೆ. ಕೆಳಗೆ ರಾಡಿಯನ್ನು ನಡುವಿಗೆ ಎಳೆಯುವ ಬ್ಲೇಡ್, ನಮ್ಮ ಹೊಲದ ಕುಂಟೆಯಂತೆ. ಡ್ರಾಯಿಂಗಿನಲ್ಲಿ 28 ಸರಳು ಇದ್ದವು. ಆಗಸ್ಟಿನಲ್ಲಿ ನಾಲ್ಕು ದಿನ ಮಳೆ ಬಿಟ್ಟಾಗ ತೊಟ್ಟಿ ಖಾಲಿ ಮಾಡಿ ಒಳಗೆ ಇಳಿದೆವು. ಎಣಿಸಿದೆ: 11. ಉಳಿದವು ತುಕ್ಕು ಹಿಡಿದು ಬಿದ್ದು ತಳದ ರಾಡಿಯಲ್ಲಿ ಹೂತಿದ್ದವು. ಒಂದು ಕಡೆಯ ಬ್ಲೇಡ್ ನೆಲದಿಂದ ಅರ್ಧ ಅಡಿ ಮೇಲೆ ತಿರುಗುತ್ತಿತ್ತು. ಅದರ ಕೆಳಗೆ ರಾಡಿ ಕೊಳೆತು ಕಪ್ಪಾಗಿ ಎರೆ ಮಣ್ಣಿನಂತೆ ಕೂತಿತ್ತು, ಸಲಿಕೆ ಹಾಕಿದರೆ ಅಂಟಿಕೊಂಡು ಬರುತ್ತಿತ್ತು, ವಾಸನೆ ಹೇಳುವುದು ಬೇಡ. ಇಳಿಯುವ ಮೊದಲು ಅರ್ಧ ದಿನ ಫ್ಯಾನ್ ಹಚ್ಚಿ ಗಾಳಿ ಆಡಿಸಿದ್ದೆವು, ಸೊಂಟಕ್ಕೆ ಹಗ್ಗ, ಮೇಲೆ ಇಬ್ಬರು. ಕೊಳೆತ ರಾಡಿ ಇರುವ ತೊಟ್ಟಿಗೆ ಸುಮ್ನೆ ಏಣಿ ಇಟ್ಟು ಇಳಿಯಬೇಡಿ, ಜೀವ ಹೋಗುತ್ತದೆ.

ಊರಿನ ವೆಲ್ಡಿಂಗ್ ಅಂಗಡಿಯವನನ್ನು ಕರೆಸಿ ಆ್ಯಂಗಲ್ ಸರಳು ಕೂಡಿಸಿ, ಎಪಾಕ್ಸಿ ಬಣ್ಣ ಬಳಿಸಿ, ಬ್ಲೇಡ್ ಇಳಿಸಿದೆವು. ನಾಲ್ಕು ದಿನ ರಾಡಿಯನ್ನು ಹಿಂದಿನ ಹೊಂಡಕ್ಕೆ ಬಿಟ್ಟು ದಿನ ದೂಡಿದೆವು. ಮತ್ತೆ ಚಾಲೂ ಮಾಡಿದ ಮೂರನೇ ದಿನಕ್ಕೆ ಬಾಟಲಿಗಳು 3 ತೋರಿಸಿದವು. 2,400 ಕೆಜಿ ಬರುವ ದಿನ ಮೊದಲು ಬೆಡ್‌ಗೆ 270 ಘನ ಮೀಟರ್ ಸುರಿಯುತ್ತಿದ್ದೆವು, ಆಗಲೂ ಪೂರ್ತಿ ಮಣ್ಣು ಹೋಗುತ್ತಿರಲಿಲ್ಲ. ಈಗ 80 ಘನ ಮೀಟರ್. ತೊಟ್ಟಿಯೊಳಗೆ ರಾಡಿ ಎಷ್ಟು ಎತ್ತರ ನಿಂತಿದೆ ಅಂತ ನೋಡಲು ಕಾಕಾ ಒಂದು ಉಪಕರಣ ಮಾಡಿದರು. ಐಸ್‌ಕ್ರೀಮ್ ಡಬ್ಬಿಯ ಬಿಳಿ ಮುಚ್ಚಳ, ಅದಕ್ಕೆ ಒಂದು ನಟ್ಟಿನ ಭಾರ, ಗಂಟು ಹಾಕಿದ ಹಗ್ಗ. ಮುಚ್ಚಳ ಕಣ್ಣಿಗೆ ಮರೆಯಾದ ಕಡೆ ಗಂಟು ಎಣಿಸುವುದು. ಆಮೇಲೆ ನಾನು ಹುಬ್ಬಳ್ಳಿಯಿಂದ ಪಾರದರ್ಶಕ ಅಕ್ರಿಲಿಕ್ ಪೈಪ್ ತಂದು ತಳಕ್ಕೆ ವಾಲ್ವ್ ಹಾಕಿಸಿದೆ, ಇಳಿಸಿ ಎತ್ತಿದರೆ ರಾಡಿಯ ಪದರ ಹಾಗೇ ಕಾಣುತ್ತದೆ. ಪಾಳಿಯವರು ಈಗಲೂ ಮುಚ್ಚಳವನ್ನೇ ಬಳಸುತ್ತಾರೆ.

ಖುಷಿ ಜಾಸ್ತಿ ಆದಾಗ ಆಗೋದೇ ಆಯ್ತು. ಇನ್ನೂ ಗಟ್ಟಿ ಆಗಲಿ ಅಂತ ಸೆಪ್ಟೆಂಬರಿನಲ್ಲಿ ಪಂಪ್ ಹೊತ್ತು ಇನ್ನೂ ಕಡಿಮೆ ಮಾಡಿದೆ. ವರದಾ ಹೊಳೆಯ ಕಡೆ, ಮೇಲೆ ಶಿವಮೊಗ್ಗದ ಕಡೆ ಒಟ್ಟಿಗೆ ಮಳೆಯಾಗಿ ಹೊಳೆ ಮತ್ತೆ ತುಂಬಿ ಬಂದ ರಾತ್ರಿ ಅದು. ಹೊಳೆಯಿಂದ ನೀರು ಎತ್ತುವ ನಮ್ಮ ಜಾಕ್‌ವೆಲ್ ಬಾವಿ ವರದೆ ಸೇರುವ ಗಳಗನಾಥಕ್ಕಿಂತ ಮೇಲೆಯೋ ಕೆಳಗೋ ಅಂತ ಹೇಳಿದರೆ ಊರು ಗೊತ್ತಾಗುತ್ತದೆ, ಬಿಡಿ. ಹೊಳೆ ಮಣ್ಣು ಜಾಸ್ತಿ ಇದ್ದಾಗ ರಾಡಿ ಭಾರವಾಗಿ ತಾನಾಗೇ ಬೇಗ ಗಟ್ಟಿಯಾಗುತ್ತದೆ. ಬೇಸಿಗೆಯ ಜೆಲ್ಲಿ ರಾಡಿಯ ತರಹ ಅಲ್ಲ. ನಾನು ಅದನ್ನು ಲೆಕ್ಕಕ್ಕೆ ಹಿಡಿಯಲಿಲ್ಲ. ರಾತ್ರಿ ಒಂದೂವರೆಗೆ ಫೋನ್: 'ಸರ, ಕುಂಟಿ ನಿಂತೈತ್ರಿ.' ತೋಳಿನ ಮೋಟರ್ ಓವರ್‌ಲೋಡ್ ಆಗಿ ಟ್ರಿಪ್, ತಳದ ಪೈಪು ಗಟ್ಟಿ ಕಟ್ಟಿಕೊಂಡಿದೆ. ಬೆಳಗಿನ ಆರರವರೆಗೆ ಹಿಂದಿನಿಂದ ಒತ್ತಡದ ನೀರು ಬಿಟ್ಟು, ಫ್ಲೇಂಜ್ ಬಿಚ್ಚಿ, ಕಬ್ಬಿಣದ ಸರಳು ಹಾಕಿ ತಿವಿದು ಪೈಪು ಬಿಡಿಸಿದೆವು. ಹೊರಗೆ ಬಂದದ್ದನ್ನು ಹಟಕ್ಕೆ ತೂಗಿ ನೋಡಿದೆ, ಶೇಕಡಾ 7. ಅಷ್ಟು ಗಟ್ಟಿಯಾದರೆ ನಮ್ಮ ಪಂಪು ಎಳೆಯುವುದಿಲ್ಲ. ಈಗ ಎನ್‌ಟಿಯು 100 ದಾಟಿದರೆ ಪಂಪ್ ಹೊತ್ತು ಹೆಚ್ಚಿಸಬೇಕು, ರಾಡಿ ಒಂದು ಮೀಟರ್ ದಾಟಿ ನಿಲ್ಲಬಾರದು ಅಂತ ಚೀಟಿಯಲ್ಲಿ ಕೆಂಪು ಅಕ್ಷರದಲ್ಲಿ ಇದೆ. ಮೋಟರ್ ಎಷ್ಟು ಕರೆಂಟ್ ಎಳೆಯುತ್ತಿದೆ ಅಂತ, ಅಂದರೆ ಅದರ ಆಂಪ್ಸ್, ತಾಸಿಗೊಮ್ಮೆ ಬರೆಯುತ್ತಾರೆ.

ಬೆಡ್‌ಗಳ ಸಮಸ್ಯೆ ಪೂರ್ತಿ ಮುಗಿಯಿತು ಅಂತ ಹೇಳಲಾರೆ. ಮಳೆಯಲ್ಲಿ ಯಾವ ರಾಡಿಯೂ ಒಣಗುವುದಿಲ್ಲ. ಮರಳಿನಿಂದ ನೀರು ಬೇಗ ಇಳಿಯುತ್ತದೆ ಅಷ್ಟೇ, ಬೆಡ್ ಮೇಲೆ ತಗಡು ಹಾಕಿಸಲು ಬರೆದದ್ದಕ್ಕೆ ಉತ್ತರ ಬಂದಿಲ್ಲ. ಕೆಟ್ಟ ದಿನಗಳಲ್ಲಿ ಈಗಲೂ ಸ್ವಲ್ಪ ಹೊಂಡಕ್ಕೆ ಹೋಗುತ್ತದೆ. ಅಕ್ಟೋಬರ್ ಕೊನೆಗೆ ಬಿಸಿಲು ಬಿದ್ದ ಮೇಲೆ ಬೆಡ್‌ಗಳು ಬೇಸಿಗೆಯ ಎರೆ ಹೊಲದಂತೆ ಬಾಯಿ ಬಿಟ್ಟವು. ಆ ಬಿರುಕು ನೋಡಿ ಅಷ್ಟು ಸಂತೋಷ ಪಟ್ಟವನು ಜಿಲ್ಲೆಯಲ್ಲಿ ನಾನೊಬ್ಬನೇ ಇರಬೇಕು. ಪಕ್ಕದ ಹೊಲದ ಅಣ್ಣಾರು ಟ್ರ್ಯಾಕ್ಟರ್ ತಂದು, 'ಹೊಳಿ ಮಣ್ಣ ಅಲ್ಲೇನ್ರಿ, ಹೊಲಕ್ಕ ಹಾಕ್ತೀನಿ' ಅಂದರು. ಬೇಡ ಅಂದೆ. ಆಲಂ ರಾಡಿ ಮಣ್ಣಲ್ಲಿರುವ ರಂಜಕವನ್ನು ಹಿಡಿದುಕೊಂಡುಬಿಡುತ್ತದೆ, ಬೆಳೆಗೆ ಸಿಗುವುದಿಲ್ಲ. ಅವರಿಗೆ ನನ್ನ ಮೇಲೆ ನಂಬಿಕೆ ಬಂದಂತೆ ಕಾಣಲಿಲ್ಲ, ಇಟ್ಟಿಗೆ ಭಟ್ಟಿಯವರಿಗೆ ಕೊಡಲು ಹೀಗೆ ಹೇಳುತ್ತಿದ್ದೇನೆ ಅಂತ ಅಂದುಕೊಂಡಿರಬೇಕು.

ಏಪ್ರಿಲಿನಲ್ಲಿ ಇನ್ನೊಂದು ತಮಾಷೆ. ಹೊಳೆಯಲ್ಲಿ ನೀರು ಕಡಿಮೆ, ಪಾಚಿ ಜಾಸ್ತಿ, ರಾಡಿ ಸ್ವಲ್ಪವೇ, ಅದೂ ಹಗುರ. ಒಂದು ಮಧ್ಯಾಹ್ನ ಥಿಕನರ್ ಮೇಲೆ ರಾಡಿ ದೋಸೆ ದೋಸೆಯಾಗಿ ತೇಲುತ್ತಿದೆ. ಕೋಲಿನಿಂದ ಚುಚ್ಚಿದರೆ ಬುಳಕ್ ಅಂತ ಗುಳ್ಳೆ. ಮಳೆಗಾಲದ ಪಾಠ ಹಿಡಿದುಕೊಂಡು ರಾಡಿಯನ್ನು ಮೂರು ದಿನ ತಳದಲ್ಲಿ ಇಟ್ಟಿದ್ದೆವು. 40 ಡಿಗ್ರಿ ಬಿಸಿಲಲ್ಲಿ ಪಾಚಿ ಕೊಳೆತು ಗಾಳಿ ಹುಟ್ಟಿ ರಾಡಿಯನ್ನೇ ಮೇಲಕ್ಕೆ ಎತ್ತಿತ್ತು. ಬೇಸಿಗೆಗೆ ಬೇರೆ ಚೀಟಿ ಬರೆದೆ: ಎರಡು ಅಡಿಗಿಂತ ಜಾಸ್ತಿ ನಿಲ್ಲಿಸಬಾರದು, ದಿನ ದಿನ ತೆಗೆಯಬೇಕು, 1.5 ಬಂದರೆ ಸಾಕು. ಬಿಸಿಲಿಗೆ ಹೇಗೂ ಬೆಡ್ ವಾರದಲ್ಲಿ ಒಣಗುತ್ತದೆ.

ಈಗ ಮತ್ತೆ ಜೂನ್. ನಿನ್ನೆ ಬೆಳಿಗ್ಗೆ ಎನ್‌ಟಿಯು 34 ಇತ್ತು, ಇವತ್ತು 71. ಲ್ಯಾಬಿನ ಕಿಟಕಿಯ ಮೇಲೆ ಕಾಕಾ ಆಗಲೇ ಐದು ಖಾಲಿ ಬಾಟಲಿ ತೊಳೆದು ಸಾಲಾಗಿ ಇಟ್ಟಿದ್ದಾರೆ. ಮಾರ್ಕರ್ ಪೆನ್ನು ಮಾತ್ರ ಒಣಗಿದೆ, ಸಂಜೆ ಬರುವಾಗ ಒಂದು ತರಬೇಕು.